ಆಯ್ತಮ್ಮ, ನೋಡೋಣ

ಬೆಳಗಿನ ಚಹಾ ಕೊಡುತ್ತ ಹೆಂಡತಿ ಏನೋ ಕೇಳಿದಳು. ಮೇಸ್ತ್ರಿ ಲೋಟದಿಂದ ಕಣ್ಣೆತ್ತದೆ, "ಆಯ್ತು, ನೋಡೋಣ" ಎಂದ. ಅವಳು ಕೇಳಿದ್ದು ಸಕ್ಕರೆ ಸಾಕಾ ಎಂದು. ಇನ್ನೊಮ್ಮೆ ಕೇಳುವ ಗೋಜಿಗೆ ಹೋಗದೆ ಅವಳು ಒಳಗೆ ಹೋದಳು.

ನೆಂಟರಿಷ್ಟರಲ್ಲಿ ಮೇಸ್ತ್ರಿಗೆ ಬಹಳ ಒಳ್ಳೆಯ ಹೆಸರು. ಯಾರಿಗೂ ಎದುರಾಡಿದವನಲ್ಲ, ಯಾವುದಕ್ಕೂ ಆಗದು ಎಂದವನಲ್ಲ. ಅತ್ತಿಗೆಯಂತೂ ಅವನನ್ನು ತೋರಿಸಿ, ಸಮಾಧಾನ ಎಂದರೇನು ಅಂತ ಇವರನ್ನು ನೋಡಿ ಕಲಿಯಿರಿ ಎಂದು ತನ್ನ ಗಂಡನಿಗೆ ಚುಚ್ಚುತ್ತಿದ್ದಳು. ಆ ಸಮಾಧಾನದ ಗುಟ್ಟು ಗೊತ್ತಿದ್ದದ್ದು ಹೆಂಡತಿ ಒಬ್ಬಳಿಗೇ. ಎರಡು ವರ್ಷದಿಂದ ಅವನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತಿತ್ತು. ಪಕ್ಕದಿಂದಲೋ ಹಿಂದಿನಿಂದಲೋ ಹೇಳಿದರೆ ಗೋಡೆಗೆ ಹೇಳಿದ ಹಾಗೆ.

ಅವನು ನೇಯ್ಗೆ ಕಾರ್ಖಾನೆಯೊಂದರಲ್ಲಿ ನಲವತ್ತು ಯಂತ್ರಮಗ್ಗಗಳಿಗೆ ಮೇಸ್ತ್ರಿ. ಲಾಳಿ ಎಂದರೆ ನೂಲು ತುಂಬಿದ, ಎರಡು ತುದಿಗೂ ಉಕ್ಕಿನ ಮೊನೆ ಇರುವ ಮರದ ತುಂಡು. ಅಂಥ ನಲವತ್ತು ಲಾಳಿಗಳು ಬೆಳಗಿನಿಂದ ಸಂಜೆಯವರೆಗೆ ಅತ್ತಿಂದಿತ್ತ ಬಡಿಯುವ ಶೆಡ್ಡಿನಲ್ಲಿ ಒಳ್ಳೆಯ ಕಿವಿ ಇದ್ದವರಿಗೂ ಮಾತು ಕೇಳಿಸದು. ಎಳೆ ಹರಿದರೆ ಎರಡು ಬೆರಳು, ನೀರಿಗೆ ಹೋಗಬೇಕಾದರೆ ಹೆಬ್ಬೆರಳು, ಹೀಗೆ ಎಲ್ಲ ಕೈಸನ್ನೆಯಲ್ಲೇ ನಡೆಯಬೇಕು. ಯಾವ ಮಗ್ಗಕ್ಕೆ ಏನಾಗಿದೆ ಎಂಬುದನ್ನು ಮೇಸ್ತ್ರಿ ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟೇ ಹೇಳಿಬಿಡುತ್ತಿದ್ದ. ಹಾಗಾಗಿ ಗುಟ್ಟು ರಟ್ಟಾಗಲಿಲ್ಲ. ಹಿಂದಿನ ಮೇಸ್ತ್ರಿಗೆ ಕಣ್ಣು ಮಂಜಾದಾಗ ಯಜಮಾನರು ಅವನ ಕೈಕುಲುಕಿ, ಬಹಳ ಗೌರವದಿಂದ ಮನೆಗೆ ಕಳಿಸಿದ್ದರು. ಆ ಗೌರವ ಇವನಿಗೆ ಬೇಕಿರಲಿಲ್ಲ. ಮಗಳ ಓದು ಇನ್ನೂ ಮೂರು ವರ್ಷವಿತ್ತು.

ಮಗ್ಗ ನಿಲ್ಲಿಸಿ ದೂರು ಹೇಳಬಾರದು ಎಂಬುದು ಅಲ್ಲಿಯ ಕಟ್ಟಳೆ. ಏನಿದ್ದರೂ ಬಿಡುವಿನಲ್ಲಿ ಮೇಸ್ತ್ರಿಗೆ ಹೇಳಬೇಕು, ಮೇಸ್ತ್ರಿ ಯಜಮಾನರಿಗೆ ಮುಟ್ಟಿಸಬೇಕು. ಹೆಂಗಸರು ನಲ್ಲಿಯ ಬಳಿ, ಗೇಟಿನ ಬಳಿ ಅವನನ್ನು ಹಿಡಿದು ಹೇಳಿಕೊಳ್ಳುತ್ತಿದ್ದರು. ಅವನು ಹುಬ್ಬು ಗಂಟಿಕ್ಕಿಕೊಂಡು, ಎಲ್ಲ ಅರ್ಥವಾದವನಂತೆ ತಲೆಯಾಡಿಸಿ, "ಆಯ್ತಮ್ಮ, ನೋಡೋಣ" ಎನ್ನುತ್ತಿದ್ದ. ಆಮೇಲೆ ಏನೂ ಆಗುತ್ತಿರಲಿಲ್ಲ. ಕಲ್ಲು ಮನಸ್ಸಿನವನು ಎಂದು ಅವರು ಅವನ ಬೆನ್ನ ಹಿಂದೆಯೇ ಬೈದರು. ಪಾಪ, ಅದೂ ಅವನಿಗೆ ಕೇಳಿಸಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹದಿನಾಲ್ಕನೇ ಮಗ್ಗದ ಲಾಳಿ ಹಾರಿತು. ಲಾಳಿ ಹೊರಗೆ ಸಿಡಿಯದಂತೆ ತಡೆಯುವ ಕಂಬಿಯೊಂದು ಪ್ರತಿ ಮಗ್ಗಕ್ಕೂ ಇರುತ್ತದೆ. ಈ ಮಗ್ಗದಲ್ಲಿ ಅದರ ತಿರುಪು ಸವೆದು ಕಂಬಿ ಜೋತುಬಿದ್ದಿತ್ತು. ಇಂಥದ್ದು ಅಂಗೈಗೆ ತಿಳಿಯುವುದಿಲ್ಲ, ಬಾಯಿಬಿಟ್ಟೇ ಹೇಳಬೇಕು. ಹಾರಿದ ಲಾಳಿ ಪಕ್ಕದ ಮಗ್ಗದ ಹೆಂಗಸಿನ ಭುಜಕ್ಕೆ ಬಡಿದು ಎಲುಬು ಮುರಿಯಿತು. ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ತೆರೆದ ಬಾಯಿ ಕಂಡ ಮೇಲೇ ಜನ ಓಡಿದರು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅದೇ ಸಂಜೆ ಹೊಸ ಕಂಬಿ ಬಂತು. ಯಜಮಾನರು ಹದಿನಾಲ್ಕನೇ ಮಗ್ಗದವಳನ್ನೂ ಮೇಸ್ತ್ರಿಯನ್ನೂ ಮಹಡಿಯ ಮೇಲಿನ ಕಚೇರಿಗೆ ಕರೆಸಿದರು. ಅವರು ಕೆಟ್ಟವರಲ್ಲ, ಪೆಟ್ಟಾದವಳನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕಳಿಸಿದ್ದರು. ಆದರೆ ಕೋಪ ನೆತ್ತಿಗೇರಿತ್ತು.

"ಕಂಬಿ ಸಡಿಲ ಆಗಿದೆ ಅಂತ ಒಂದು ಮಾತು ಹೇಳಿದ್ರೆ ರಿಪೇರಿ ಮಾಡಿಸ್ತಿರಲಿಲ್ವಾ ನಾನು? ಮಗ್ಗ ನಿಂದು, ಅದಕ್ಕೇನಾಗಿದೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಮೂರು ಸಲ ಹೇಳಿದೀನಿ ಸಾರ್. ಇವರಿಗೇ ಹೇಳಿದ್ದು. ಮೂರು ಸಲವೂ ಆಯ್ತಮ್ಮ ಅಂದ್ರು."

ಯಜಮಾನರು ಮೇಸ್ತ್ರಿಯ ಕಡೆ ತಿರುಗಿ, ಇವಳು ನಿನಗೆ ಹೇಳಿದ್ದಳಾ ಎಂದು ನೇರವಾಗಿ ಕೇಳಿದರು. ಈ ಪ್ರಶ್ನೆ ಮಾತ್ರ ಅವನಿಗೆ ಒಂದಕ್ಷರ ಬಿಡದೆ ಕೇಳಿಸಿತು. ಅವಳು ಹೇಳಿದ್ದಳೋ ಇಲ್ಲವೋ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಯಾಕೆ ಗೊತ್ತಿಲ್ಲ ಎನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು. ಅವನು, "ನನಗೆ ಯಾರೂ ಹೇಳಿಲ್ಲ ಸಾರ್" ಎಂದುಬಿಟ್ಟ.

 ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ನಾಳೆ ಬಂದು ನಿನ್ನ ಸಾಮಾನು ತೆಗೆದುಕೊಂಡು ಹೋಗು ಎಂದರು ಯಜಮಾನರು.

ರಾತ್ರಿ ಊಟಕ್ಕೆ ಕೂತ ಮೇಸ್ತ್ರಿ ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಬಿಡಿಸಿ ಬಿಡಿಸಿ ಕೇಳಿದ ಮೇಲೆ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅದಕ್ಕೊಂದು ಸಮಜಾಯಿಷಿಯನ್ನೂ ಸೇರಿಸಿದ: ನಾನು ಹೇಳಿದ್ದು ಸುಳ್ಳೇನಲ್ಲ, ನನ್ನ ಕಿವಿಗಂತೂ ಬಿದ್ದಿಲ್ಲ. ಅವಳು ತಟ್ಟೆ ಪಕ್ಕಕ್ಕಿಟ್ಟು, ಎದುರಿಗೆ ಬಂದು ಕೂತು, ಅವನಿಗೆ ಕಾಣುವಂತೆ ತುಟಿ ಅಲ್ಲಾಡಿಸಿ ಹೇಳಿದಳು.

"ಅವಳು ಹೇಳಿರ್ತಾಳೆ ರೀ. ನಾನೂ ದಿನಾ ಹೇಳ್ತೀನಿ, ನೀವು ಆಯ್ತು ಅಂತೀರಿ. ನಮ್ಮನೆ ವಿಷಯ, ನಮ್ಮೊಳಗೇ ಇರಲಿ ಅಂತ ನಾನು ಸುಮ್ಮನಿದ್ದೆ. ನನ್ನದೂ ತಪ್ಪೇ. ಒಬ್ಬಳ ಎಲುಬು ಹೋಯ್ತು, ಇನ್ನೊಬ್ಬಳ ಅನ್ನ ಹೋಯ್ತು. ಇನ್ನೆಷ್ಟು ದಿನ ಮುಚ್ಚಿಡೋದು?"

"ನನ್ನ ಕೆಲಸ ಹೋದ್ರೆ?"

 ಅವಳು ಅವನ ಕೈ ಹಿಡಿದುಕೊಂಡಳು. ಅವಳಿಗೂ ಭಯವಿತ್ತು. ಮೇಸ್ತ್ರಿಗೆ ನಾಚಿಕೆಯಾಯಿತು, ಬೆಂಕಿಯ ಮುಂದೆ ಕೂತಂತೆ ಮುಖ ಸುಟ್ಟಿತು.

ಮರುದಿನ ಬೆಳಗ್ಗೆ ಎಂದಿನಂತೆ ನಲವತ್ತೂ ಮಗ್ಗ ಓಡುತ್ತಿದ್ದವು. ಹದಿನಾಲ್ಕನೇ ಮಗ್ಗದಲ್ಲಿ ಬದಲಿ ಹೆಂಗಸು ನಿಂತಿದ್ದಳು. ಕೆಲಸ ಕಳೆದುಕೊಂಡವಳು ಗೋಡೆಯ ಮೊಳೆಯಿಂದ ತನ್ನ ಚೀಲ ತೆಗೆದುಕೊಂಡು ಬಾಗಿಲ ಕಡೆ ಹೊರಟಿದ್ದಳು. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಮೇಸ್ತ್ರಿ ಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಕೆಳಗೆಳೆದ.

ಒಂದೊಂದಾಗಿ ಲಾಳಿಗಳು ನಿಂತವು. ಕರೆಂಟು ಹೋದಾಗ ಬಿಟ್ಟರೆ ಹಾಡುಹಗಲಲ್ಲಿ ಆ ಶೆಡ್ಡು ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ಮುಖಮುಖ ನೋಡಿಕೊಂಡರು. ಯಜಮಾನರು ಕಚೇರಿಯಿಂದ ದಡದಡನೆ ಹೊರಬಂದು ಮೆಟ್ಟಿಲ ಮೇಲೆ ನಿಂತು, ಯಾರು ನಿಲ್ಲಿಸಿದ್ದು ಎಂದು ಗದರಿದರು.

"ನಾನೇ ಸಾರ್," ಎಂದ ಮೇಸ್ತ್ರಿ. ಅವನ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಅದೂ ಅವನಿಗೆ ಗೊತ್ತಿರಲಿಲ್ಲ. "ನಿನ್ನೆ ನಾನು ಸುಳ್ಳು ಹೇಳಿದೆ. ನನಗೆ ಎರಡು ವರ್ಷದಿಂದ ಕಿವಿ ಕೇಳಿಸ್ತಿಲ್ಲ. ಇವರು ಏನು ಹೇಳಿದ್ರೂ ತಲೆ ಆಡಿಸಿದೀನಿ. ಆ ತಾಯಿ ಮೂರು ಸಲ ಹೇಳಿದೀನಿ ಅಂದ್ರೆ ಹೇಳಿರ್ತಾರೆ. ಕಳಿಸೋದಾದ್ರೆ ನನ್ನ ಕಳಿಸಿ."

 ಯಜಮಾನರು ಬಾಗಿಲ ಬಳಿ ಚೀಲ ಹಿಡಿದು ನಿಂತವಳನ್ನು ಕರೆದು, ಏನು ಹೇಳಿದ್ದೆಯೋ ಅದನ್ನು ಈಗ ಹೇಳು ಎಂದರು. ಅವಳು ಇದ್ದ ಜಾಗದಿಂದಲೇ, ಸಾದಾ ದನಿಯಲ್ಲಿ, ಹೇಳತೊಡಗಿದಳು. ಕಂಬಿಯದು ಹೇಳಿದಳು. ಹಿಂದಿನ ಸಾಲಿನ ಇನ್ನೂ ಎರಡು ಮಗ್ಗಗಳಲ್ಲಿ ಅದೇ ತೊಂದರೆ ಇರುವುದನ್ನು ಹೇಳಿದಳು. ಸದ್ದು ತಡೆಯಲು ಕಿವಿಗೆ ಇಟ್ಟುಕೊಳ್ಳುವಂಥದ್ದು ಏನಾದರೂ ಕೊಡಿಸಿ ಎಂದು ಹೋದ ವರ್ಷವೇ ಕೇಳಿದ್ದನ್ನೂ ಹೇಳಿದಳು.

ಮೇಸ್ತ್ರಿಗೆ ಅವಳ ಮಾತು ಕೇಳಿಸುತ್ತಿರಲಿಲ್ಲ. ಅಭ್ಯಾಸ ಬಲದಿಂದ ಅವನು ಕೇಳುವವರ ಮುಖ ನೋಡುತ್ತಿದ್ದ. ಹತ್ತಿರ ಇದ್ದವರು ಹೌದು ಹೌದು ಎನ್ನುತ್ತಿದ್ದರು. ಹಿಂದಿನ ಸಾಲುಗಳಲ್ಲಿ ಒಬ್ಬಳು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಿದ್ದಳು. ಇನ್ನೊಬ್ಬಳು ಮಾತಾಡುವವಳ ತುಟಿಯನ್ನೇ ದಿಟ್ಟಿಸುತ್ತಿದ್ದಳು. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ನೇಯ್ಗೆಯವಳು ಏನೂ ತಿಳಿಯದಿದ್ದರೂ ನಗುಮುಖ ಮಾಡಿಕೊಂಡು ತಲೆಯಾಡಿಸುತ್ತಿದ್ದಳು. ಆ ನಗು, ಆ ತಲೆಯಾಡಿಸುವಿಕೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಯ್ಯೋ, ನಾನೊಬ್ಬನೇ ಅಂದುಕೊಂಡಿದ್ದೆನಲ್ಲ ಎನಿಸಿ ಅವನಿಗೆ ಅಳು ಬಂತು.

"ಈಗ ಹೇಳಿದ್ದು ಯಾರಿಗೆ ಕೇಳಿಸಲಿಲ್ಲವೋ ಅವರು ಕೈ ಎತ್ತಿ," ಎಂದು ಗಟ್ಟಿಯಾಗಿ ಹೇಳಿ, ಮೊದಲು ತನ್ನ ಕೈ ಎತ್ತಿದ.

ಯಾರೂ ಅಲುಗಾಡಲಿಲ್ಲ. ಕಿವುಡಿ ಎನಿಸಿಕೊಂಡು ಕೆಲಸ ಕಳೆದುಕೊಳ್ಳುವುದು ಯಾರಿಗೆ ಬೇಕು? ಆಮೇಲೆ ದೊಡ್ಡಕ್ಕ ಸೀರೆಗೆ ಕೈ ಒರೆಸಿಕೊಂಡು ಮೇಲೆತ್ತಿದಳು. ಅವಳನ್ನು ನೋಡಿ ಪಕ್ಕದವಳು. ನಂತರ ಹಿಂದಿನ ಸಾಲಿನಲ್ಲಿ ನಾಲ್ಕು, ಐದು. ಕೊನೆಗೆ ಕಂಬದ ಮರೆಯಿಂದ ಒಂದು ಎಳೆಯ ಕೈ ಮೇಲೆದ್ದಿತು. ಕೆಲಸಕ್ಕೆ ಸೇರಿ ಮೂರು ವರ್ಷವೂ ತುಂಬದ ಹುಡುಗಿ, ಮೇಸ್ತ್ರಿಯ ಮಗಳ ವಯಸ್ಸಿನವಳು.

ಯಜಮಾನರು ಮೆಟ್ಟಿಲ ಮೇಲಿಂದಲೇ ಅವಳನ್ನು ಏನೋ ಕೇಳಿದರು. ಹುಡುಗಿ ಗಾಬರಿಯಿಂದ ಪಕ್ಕದವಳ ಮುಖ ನೋಡಿದಳು. ಪಕ್ಕದವಳಿಗೂ ತಿಳಿದಿರಲಿಲ್ಲ.  ಮೇಸ್ತ್ರಿ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು, ಹಾಕಲೇ ಎಂಬಂತೆ ಯಜಮಾನರನ್ನು ನೋಡಿದ. ಬೇಡ ಎಂದು ಅವರು ಕೈಯಲ್ಲೇ ತಡೆದರು. ಮೆಟ್ಟಿಲಿಳಿದು, ನಿಂತ ಮಗ್ಗಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ನಡೆದು ಬಂದು, ಆ ಹುಡುಗಿಯ ಎದುರಿಗೆ ನಿಂತು, ಎಷ್ಟು ದಿನದಿಂದ ಹೀಗೆ ಎಂದು ಗಟ್ಟಿಯಾಗಿ ಮತ್ತೊಮ್ಮೆ ಕೇಳಿದರು.