ಬರೆದುಕೊಡಿ

ಕಿವಿಯ ಹಿಂದೆ ಸಿಕ್ಕಿಸಿದ ಆ ಪುಟ್ಟ ಮಿಷನ್ನಿಗೆ ಗುಲಾಬಿ ಬಣ್ಣ, ಇಂಥದ್ದಕ್ಕೂ ಬಣ್ಣ ಆರಿಸಿಕೊಳ್ಳೋ ಕಾಲ ಬಂತಲ್ಲ ಅಂದುಕೊಂಡಳು ಶಾಲೆಯ ಗುಮಾಸ್ತೆ, ಟೇಬಲ್ಲಿನ ಆಚೆ ಮಗು ಕಾಲಾಡಿಸುತ್ತಾ ಕೂತಿದೆ, ಆರು ವರ್ಷವಿರಬಹುದು, ಪಕ್ಕದಲ್ಲಿ ಅದರ ತಾಯಿ, ಅವಳೂ ಕೂತಿದ್ದಾಳೆ, ಯಾರೂ ಕೂರಿ ಅನ್ನದೆ ತಾನೇ ಕುರ್ಚಿ ಎಳೆದುಕೊಂಡು, ಮಗೂಗೆ ಕಿವಿ ಕೇಳಲ್ಲ ಮೇಡಂ, ಮಿಷನ್ ಹಾಕಿದ್ರೆ ಅಲ್ಪಸ್ವಲ್ಪ, ಒಂದನೇ ಕ್ಲಾಸಿಗೆ ಸೇರಿಸ್ಬೇಕು, ಹಾಲು ಕೊಳ್ಳೋಕೆ ಬಂದವಳ ಹಾಗೆ ಹೇಳಿದಳು — ಇಪ್ಪತ್ತು ವರ್ಷದ ಹಿಂದೆ ಇದೇ ಕೋಣೆಯ ಬಾಗಿಲಲ್ಲಿ ತಾನು ನಿಂತದ್ದು, ಆಗಿನ್ನೂ ಈ ಕೆಲಸ ಸಿಕ್ಕಿರಲಿಲ್ಲ, ಬರೀ ಪುಟ್ಟಿಯ ಅಮ್ಮ, ಸೊಂಟಕ್ಕೆ ಆತುಕೊಂಡ ಪುಟ್ಟಿ, ಎರಡು ಜಡೆ, ಏನೂ ಕೇಳಿಸದ ಎರಡು ಕಿವಿ, ಆಗಿನ ಹೆಡ್‌ಮಾಸ್ಟರು ಎಷ್ಟು ಒಳ್ಳೆಯವರು, ಒಂದು ಲೋಟ ನೀರು ತರಿಸಿಕೊಟ್ಟರು, ಜಾಗ ಇಲ್ಲಮ್ಮ, ಇದ್ದರೂ ಇಂಥ ಮಕ್ಕಳಿಗೆ ಇಲ್ಲಿ ಒಗ್ಗಲ್ಲ, ಮನೆಗೆಲಸ ಕಲಿಸಿ, ನಾಳೆ ಕೈಹಿಡಿಯುತ್ತೆ, ಅಂಗೈಯಲ್ಲಿ ಕಣ್ಣೊರೆಸಿಕೊಂಡು ತಾನು, ತುಂಬಾ ಉಪಕಾರವಾಯ್ತು ಸಾರ್ ಅಂದದ್ದು, ಯಾವ ಉಪಕಾರ, ಆ ಒಂದು ಲೋಟ ನೀರಿನದೇ, ನೆನೆದರೆ ಈಗಲೂ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಪುಟ್ಟಿಗೀಗ ಇಪ್ಪತ್ತಾರು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಕಾಲರನ್ನ ಅವಳು ಕೂರಿಸಿದ ಹಾಗೆ ಇನ್ನೊಬ್ಬರು ಕೂರಿಸಲ್ಲ, ಆದರೆ ಬಟ್ಟೆಗೆ ಸಿಕ್ಕಿಸಿದ ಚೀಟಿಯಲ್ಲಿ ಯಾರ ಹೆಸರಿದೆ ಅಂತ ಓದೋಕೆ ಬರಲ್ಲ, ಗುಂಡಿ ನೋಡಿ, ಕಲೆ ನೋಡಿ, ಮೂಸಿ ನೋಡಿ ಇದು ಇಂಥವರದು ಅಂತ ಎತ್ತಿಡುತ್ತಾಳೆ, ಒಂದು ಸಲ ಡಾಕ್ಟರ ಬಿಳಿ ಕೋಟು ಕ್ಷೌರದಂಗಡಿಗೆ ಹೋಗಿ, ಅಂಗಡಿಯವನ ನಿಲುವಂಗಿ ಡಾಕ್ಟರಿಗೆ ಹೋಗಿ, ಲಾಂಡ್ರಿಯ ಮಾಲೀಕ ನಕ್ಕು ನಕ್ಕು ಸುಸ್ತಾದ, ಪುಟ್ಟಿ ಎರಡು ದಿನ ಊಟ ಬಿಟ್ಟಳು. ಮನೇಲೇ ಕಲಿಸೋಣ ಅಂತ ಸ್ಲೇಟು ತಂದದ್ದೂ ಆಯ್ತು, ಶಬ್ದ ಅಂದರೇನು ಅಂತಲೇ ಗೊತ್ತಿಲ್ಲದ ಮಗೂಗೆ ಅಕ್ಷರ ಹೇಗೆ ಹೇಳೋದು ಅಂತ ತನಗೆ ಯಾರು ಹೇಳಿಕೊಟ್ಟಿದ್ದರು, ಎರಡು ವಾರಕ್ಕೆ ತಾಳ್ಮೆ ಕೆಟ್ಟು ಬೆರಳ ಮೇಲೆ ಹೊಡೆದದ್ದು, ಪುಟ್ಟಿ ಸ್ಲೇಟನ್ನ ಮಂಚದ ಕೆಳಗೆ ತಳ್ಳಿದ್ದು, ತಾನೂ ಬಗ್ಗಿ ತೆಗೆಯಲಿಲ್ಲ.

ಒಳಗಿಂದ ಕರೆದರು, ಈಗಿನ ಹೆಡ್‌ಮಾಸ್ಟರು, ದನಿ ತಗ್ಗಿಸಿ, ಸೀಟು ತುಂಬಿದೆ ಅಂತ ಹೇಳಿ ಕಳಿಸಿಬಿಡಿ, ಒಂದನೇ ಕ್ಲಾಸಿನ ಟೀಚರು ಈಗಲೇ ಗೊಣಗ್ತಿದ್ದಾರೆ. ನಾಲ್ಕು ಸೀಟು ಖಾಲಿ ಇವೆ, ಅದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು, ಅಂಗವಿಕಲ ಮಕ್ಕಳನ್ನ ಯಾವ ಶಾಲೆಯೂ ವಾಪಸು ಕಳಿಸೋ ಹಾಗಿಲ್ಲ, ಅವರಿಗೆ ಕಲಿಸೋಕೆ ಬೇಕಾದ ಏರ್ಪಾಟನ್ನೂ ಶಾಲೆಯೇ ಮಾಡಬೇಕು ಅನ್ನೋ ಕಾನೂನಿನ ಸುತ್ತೋಲೆ ಬಂದಾಗ ತೂತು ಹೊಡೆದು ಫೈಲಿಗೆ ಸೇರಿಸಿದ್ದೂ ಅವಳೇ, ಅವತ್ತು ಎರಡೆರಡು ಸಲ ಓದಿ, ತಾರೀಕು ನೋಡಿ, ಪುಟ್ಟಿಯ ವಯಸ್ಸು ನೆನೆದು ಫೈಲನ್ನ ರಪ್ಪಂತ ಮುಚ್ಚಿದ್ದಳು. ಹಾಗೆ ಮಾಡೋ ಹಾಗಿಲ್ಲ ಸಾರ್ ಅನ್ನಬಹುದಿತ್ತು. ಆಯ್ತು ಸಾರ್ ಅಂದಳು, ಹೊಟ್ಟೆಯೊಳಗೆ ಏನೋ ತಣ್ಣಗಾಯಿತು, ನಾಚಿಕೆಗೇಡು, ಆದರೆ ಹೌದು, ತಣ್ಣಗಾಯಿತು — ಈ ಹೆಂಗಸೂ ಒಂದು ಸಲ ಅಳಲಿ, ನೀರು ಬೇಕಾದರೆ ನಾನೇ ತಂದುಕೊಡ್ತೀನಿ.

ಬಂದು ಕೂತು, ಜಾಗ ಇಲ್ಲಮ್ಮ ಅಂದಳು, ಇದ್ದರೂ ಇಂಥ ಮಕ್ಕಳಿಗೆ ಇಲ್ಲಿ ಒಗ್ಗಲ್ಲ — ಅಷ್ಟನ್ನ ಹೆಡ್‌ಮಾಸ್ಟರು ಹೇಳಿರಲಿಲ್ಲ, ಅದು ಆ ಮುದುಕನ ಮಾತು, ಸತ್ತು ಎಷ್ಟೋ ವರ್ಷವಾದವನ ಮಾತು ತನ್ನ ಬಾಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತೇ. ಆ ಹೆಂಗಸು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ, ಮಗುವಿನ ಬಿಚ್ಚಿಹೋದ ಬೂಟಿನ ಲೇಸು ಕಟ್ಟುತ್ತಾ, ಹಾಗಂತ ಬರೆದುಕೊಡಿ ಮೇಡಂ ಅಂದಳು. ಏನಂತ. ಕಿವಿ ಕೇಳದ ಮಗೂನ ಸೇರಿಸ್ಕೊಳ್ಳಲ್ಲ ಅಂತ, ಸೀಲು ಹಾಕಿ ಕೊಡಿ, ಎಲ್ಲಿಗೆ ತಗೊಂಡು ಹೋಗ್ಬೇಕೋ ನಂಗೊತ್ತಿದೆ. ಬರೆದುಕೊಡಿ — ಒಂದೇ ಒಂದು ಮಾತು, ಅವತ್ತು ತನ್ನ ನಾಲಿಗೆಗೆ ಯಾಕೆ ಬರಲಿಲ್ಲ, ಬಂದಿದ್ದರೂ ಆ ಕಾಗದ ಹಿಡಿದು ಯಾರ ಬಾಗಿಲು ತಟ್ಟಬೇಕಿತ್ತು, ಇವಳಿಗೆ ತಟ್ಟೋಕೆ ಒಂದು ಬಾಗಿಲಿದೆ, ಅದಕ್ಕೇ ಬೆನ್ನು ಇಷ್ಟು ನೆಟ್ಟಗಿದೆ, ಇವಳೇನು ಮಗೂನ ನನಗಿಂತ ಹೆಚ್ಚು ಮುದ್ದು ಮಾಡಿದಳೇ, ನನಗಿಂತ ಗಟ್ಟಿಗಿತ್ತಿಯೇ, ಏನಿಲ್ಲ, ಇಪ್ಪತ್ತು ವರ್ಷ ತಡವಾಗಿ ಹೆತ್ತಳು, ಅಷ್ಟೇ. ಎದ್ದು ಮತ್ತೆ ಒಳಗೆ ಹೋಗಿ, ಬರೆದುಕೊಡಬೇಕಂತೆ ಸಾರ್, ನಾನು ಬರೀತೀನಿ, ಸಹಿ ಮಾತ್ರ ನಿಮ್ಮದೇ ಆಗ್ಬೇಕು ಅಂದಳು. ಹೆಡ್‌ಮಾಸ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಛೆ, ಅದೆಲ್ಲ ಯಾಕೆ, ಸೇರಿಸ್ಕೊಳ್ಳಿ, ಟೀಚರ ಹತ್ರ ನಾನು ಮಾತಾಡ್ತೀನಿ, ಸನ್ನೆ ಭಾಷೆ ಬರೋರು ಒಬ್ಬರು ಬೇಕು ಅಂತ ಮೇಲಕ್ಕೊಂದು ಕಾಗದ ಹಾಕಿ. ಇಷ್ಟು ಸಲೀಸು, ಇಷ್ಟೇ ಸಲೀಸಾಗೋದಾಗಿದ್ದರೆ.

ದಾಖಲಾತಿ ಪುಸ್ತಕ ತೆರೆದು ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ ಒಂದು, ಪೆನ್ನು ಓಡುವುದನ್ನೇ ನೋಡುತ್ತಿದ್ದ ಮಗು ಟೇಬಲ್ಲಿನ ಮೇಲೆ ಬಾಗಿ ಕೈ ಚಾಚಿತು, ತಾಯಿ ನಕ್ಕಳು, ಅದರ ಹೆಸರಿನ ಮೊದಲಕ್ಷರ ಬರುತ್ತೆ ಮೇಡಂ, ಸರ್ಕಾರಿ ಸೆಂಟರಲ್ಲಿ ಕಲಿಸಿಕೊಟ್ಟಿದ್ದಾರೆ, ಕಲಿಸಿಕೊಟ್ಟಿದ್ದಾರೆ, ಅಂದರೆ ಇವಳು ಹೊಡೆಯಬೇಕಾಗಿಯೂ ಬರಲಿಲ್ಲ. ಈ ಪುಸ್ತಕದಲ್ಲಿ ಯಾರೂ ಗೀಚೋ ಹಾಗಿಲ್ಲ ಅಂತ ಅನ್ನುತ್ತಲೇ ಪೆನ್ನು ಕೊಟ್ಟಳು, ಮಗು ನಾಲಿಗೆ ಹೊರಗೆ ಹಾಕಿ, ಮುಷ್ಟಿಯಲ್ಲಿ ಹಿಡಿದು, ಅಂಚಿನಲ್ಲಿ ಒತ್ತಿ ಒತ್ತಿ ಬರೆಯಿತು, ದಪ್ಪಗೊಂದು ಅಕ್ಷರ, ತಲೆಕಟ್ಟು ವಾರೆ. ಬರ್ತೀವಿ ಮೇಡಂ, ತುಂಬಾ ಥ್ಯಾಂಕ್ಸ್ ಅಂದಳು ತಾಯಿ, ಇಬ್ಬರೂ ಹೋದರು, ಮೆಟ್ಟಿಲಿಳಿಯುವ ಬೂಟಿನ ಸದ್ದು ನಿಂತಿತು. ಅಳಿಸಬೇಕು, ಸಾಹೇಬರು ತಪಾಸಣೆಗೆ ಬಂದರೆ ಕೇಳುತ್ತಾರೆ, ಹಾಳೆ ತಿರುಗಿಸಿದಳು, ಕೆಳಗಿನ ಹಾಳೆಯಲ್ಲೂ ಅದೇ, ಶಾಯಿಯಿಲ್ಲದೆ ಒತ್ತಿ ಮೂಡಿದ್ದು, ವಾರೆ ತಲೆಕಟ್ಟು, ಅದರ ಕೆಳಗೂ, ಪುಟ್ಟಿಯ ಕೈಗೆ ಇದಕ್ಕಿಂತ ಬಲ, ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ, ಪುಟ್ಟಿ ಬರೆದಿದ್ದರೆ ಹಿಂದಿನ ರಟ್ಟಿನವರೆಗೂ — ಇನ್ನೊಂದು ಹಾಳೆ, ಕಣ್ಣಿಗೆ ಕಾಣುತ್ತಿಲ್ಲ, ಬೆರಳಿಗೆ ಸಿಗುತ್ತಿದೆ, ಆ ವಾರೆ ತಲೆಕಟ್ಟು, ಇನ್ನೊಂದು ಹಾಳೆ, ಆ ವಾರೆ ತಲೆಕಟ್ಟು