ರೆಕ್ಕೆಯ ಹಿಂದೆ ನಡೆದವರು

“ಅಮ್ಮಾ, ಚಿಕ್ಕಪ್ಪ ಲಾರೀನ ಕಾಡಲ್ಲೇ ಬಿಟ್ಟು ಬಂದಿದ್ದಾನೆ!”

“ಬಿಟ್ಟು ಬರೋಕೆ ಅದೇನು ಚಪ್ಪಲೀನಾ?” ಅಮ್ಮ ಒಲೆಯಿಂದ ಈ ಕಡೆ ತಿರುಗಲೂ ಇಲ್ಲ.

ಚಿಕ್ಕಪ್ಪ ಶೂ ಕೂಡ ಬಿಚ್ಚದೆ ಊಟದ ಮೇಜಿನ ಮುಂದೆ ಕೂತಿದ್ದ. ಅವನು ಓಡಿಸುವುದು ಮಾಮೂಲಿ ಲಾರಿಯಲ್ಲ, ಟ್ರೈಲರ್. ಈ ಸಲ ಅದರ ಮೇಲೆ ಗಾಳಿಯಂತ್ರದ ಒಂದು ರೆಕ್ಕೆ, ನಮ್ಮ ಬೀದಿಯಷ್ಟು ಉದ್ದ, ನಿಜವಾಗಲೂ! ದಾರಿ ಇರುವುದು ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ. ಅಲ್ಲಿ ಹಾರ್ನ್ ಹೊಡೆಯುವಂತಿಲ್ಲ, ಕೂಗುವಂತಿಲ್ಲ. ತಿರುವಿನಲ್ಲಿ ಟ್ರೈಲರಿನ ಹಿಂಬದಿ ಡ್ರೈವರ್‌ಗೆ ಕಾಣುವುದೂ ಇಲ್ಲ. ಅದಕ್ಕೇ ಒಬ್ಬ ಹಿಂದೆ ನಡೆಯುತ್ತ ವಾಕಿಟಾಕಿಯಲ್ಲಿ ‘ಬಾ, ಬಾ, ಬಾಲ ಬಂತು’ ಅನ್ನುತ್ತಿರುತ್ತಾನೆ. ಅವನಿಗೆ ಎಲ್ಲರೂ ಇಟ್ಟ ಹೆಸರು ಬಾಲಣ್ಣ.

“ಅರ್ಧ ಕಾಡು ದಾಟಿದ್ದೆ. ಅರಣ್ಯ ಇಲಾಖೆ ಗಾರ್ಡ್‌ಗಳ ಜೀಪು ಬಂದು ಅಡ್ಡ ನಿಲ್ತು,” ಅಂದ ಚಿಕ್ಕಪ್ಪ. “ಒಳಗೆ ಬಾಲಣ್ಣ ಕೂತಿದ್ದ. ಮೊದಲ್ನೇ ತಿರುವಲ್ಲೇ ಕಾಲು ಉಳುಕಿ ಬಿದ್ದನಂತೆ. ವಾಕಿಟಾಕಿ ನೀರಿಗೆ ಬಿದ್ದು ಕೆಟ್ಟೋಯ್ತಂತೆ.”

“ಅಯ್ಯೋ ಪಾಪ. ಆಮೇಲೆ?”

“ಆಮೇಲೇನು ಅತ್ತಿಗೆ, ಎಲ್ಲ ತಿರುವಲ್ಲೂ ನಂಗೆ ‘ಬಾಲ ಬಂತು’ ಅಂತ ಕೇಳಿಸಿದೆ. ಒಂದು ಕೊಂಬೆಗೂ ತಾಗಿಲ್ಲ.”

ಕುಕ್ಕರ್ ಕೂಗಿತು. ಮೂವರೂ ಬೆಚ್ಚಿಬಿದ್ದೆವು.

“ಒಂದು ಕಡೆ ಆ ಧ್ವನಿ ‘ನಿಲ್ಲು, ಮರಿ ದಾಟ್ತಿದೆ’ ಅಂತು. ನಿಂತೆ. ರಸ್ತೆ ಖಾಲಿ. ಆ ಕಡೆ ಹುಲ್ಲು ಮಾತ್ರ ಬಾಗ್ತಾ ಬಾಗ್ತಾ ಹೋಯ್ತು.”

ಚಿಕ್ಕಪ್ಪ ಹೆದರಿ ಗಾರ್ಡ್‌ಗಳ ಜೀಪಿನಲ್ಲೇ ವಾಪಸ್ ಬಂದಿದ್ದ. ಟ್ರೈಲರ್ ಈಗ ಕಾಡಿನ ನಡುವಿನ ಬಯಲಿನಲ್ಲಿ ನಿಂತಿದೆ. ನಾಳೆ ಹೊರಗೆ ತರದಿದ್ದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಆಫೀಸಿನಿಂದ ಫೋನು ಬಂದಾಗಿತ್ತು.

“ಇಷ್ಟೇ ತಾನೆ? ನಾಳೆ ಹಿಂದೆ ನಾನು ನಡೀತೀನಿ,” ಅಂದೆ. ಧೈರ್ಯ ನೋಡಿ ನಂದು! “‘ಬಾಲ ಬಂತು ಚಿಕ್ಕಪ್ಪಾ’ ಅಂತೀನಿ. ನಿನ್ನನ್ನ ‘ಚಿಕ್ಕಪ್ಪ’ ಅಂತ ಕರೆಯೋಳು ಲೋಕದಲ್ಲಿ ನಾನೊಬ್ಳೇ. ಹಾಗನ್ನದೆ ಬೇರೆ ಯಾರೇ ಮಾತಾಡಿದ್ರೂ ಬ್ರೇಕ್ ಹಾಕು.”

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು.

“ಅದೂ ಹಾಗೇ ಕರೀತು.”

“ಯಾರ ಧ್ವನೀಲಿ?”

“ನಿಂದೇ ಕಣೇ. ಬಾಲಣ್ಣ ಅಣಕಿಸ್ತಿದ್ದಾನೆ ಅಂದ್ಕೊಂಡೆ. ಎಲ್ಲರ ಧ್ವನೀನೂ ಅಣಕಿಸೋದೇ ಅವನಿಗೆ ಕಸುಬಲ್ವಾ.”

ಚಿಕ್ಕಪ್ಪ ಕಾಡಿನಲ್ಲಿದ್ದ ಹೊತ್ತಿಗೆ ನಾನು ಕಾಲೇಜಿನ ಲೈಬ್ರರಿಯಲ್ಲಿ ಮೇಜಿಗೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದೆ. ಎದ್ದಾಗ ಗಂಟಲು ಒಣಗಿತ್ತು, ತುಂಬಾ ಹೊತ್ತು ಮಾತಾಡಿದ ಹಾಗೆ.

ಅದನ್ನು ಹೇಳಿಬಿಟ್ಟೆ. ಅಮ್ಮ ಒಲೆ ಆರಿಸಿದಳು.

“ನಾಳೆ ವಾಕಿಟಾಕಿ ಬೇಡವೇ ಬೇಡ. ತಿರುವು ತಿರುವಿಗೂ ಗಾರ್ಡ್‌ಗಳು ಬಾವುಟ ಹಿಡ್ಕೊಂಡು ನಿಲ್ಲಲಿ. ಇವಳು ನಿನ್ನ ಪಕ್ಕದಲ್ಲೇ ಕೂತು, ಕಿಟಕಿಯಿಂದ ನೋಡಿ ಹೇಳ್ಲಿ. ಇವಳ ಬಾಯಿ ಆಡಿದ್ದು ಕಂಡ್ರೆ ಮಾತ್ರ ನೀನು ನಂಬು.”

“ಅತ್ತಿಗೆ, ಇವಳು ಎಲ್ಲಿ ಕೂತ್ರೂ ನಿದ್ದೆ ಮಾಡ್ತಾಳೆ.”

“ಚಿವುಟೋಕೆ ನಾನೂ ಬರ್ತೀನಿ.”

ಚಿಕ್ಕಪ್ಪ ಬಾಲಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದ. ಬಾಲಣ್ಣನ ಉತ್ತರ ನಮಗೂ ಕೇಳಿಸಿತು.

“ಆಯ್ತು ಗುರುವೇ. ಬಾವುಟ ನಾನ್ ತರ್ತೀನಿ. ಬೆಳಿಗ್ಗೆ ಗೇಟು ತೆಗೆಯೋ ಹೊತ್ತಿಗೆ ಅಲ್ಲೇ ಸಿಗೋಣ. ಮೂರು ಜನಾನೂ ಒಟ್ಟಿಗೇ ಬನ್ನಿ.”