ಹೊಂಗೆ ಕೊಂಬೆಗೆ ಐದು ವೋಲ್ಟು

ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದ ಮುನಿಗಂಗಪ್ಪನಿಗೆ ನೂರಿಪ್ಪತ್ತು ಅಡಿ ದೂರಕ್ಕೆ ಐದು ವೋಲ್ಟು ಕರೆಂಟು ಮುಟ್ಟಿಸಲು ಆಗಲಿಲ್ಲ ಎಂದರೆ ರಾಜಾನುಕುಂಟೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅವನೂ ಊರಲ್ಲಿ ಯಾರಿಗೂ ಹೇಳಲಿಲ್ಲ.

ಹೆಂಡತಿ ಮುನಿನಾರಾಯಣಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಎರಡು ತಿಂಗಳಿಂದ ಮಲಗಿದ್ದಳು. ನೋವಿಗಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದದ್ದು ಹಿತ್ತಿಲ ಕೊನೆಯ ಹೊಂಗೆಮರ. ಅದರಲ್ಲಿ ಒಂದು ಕಾಡುಪಾಪ ಇತ್ತು. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಕಂಡರೆ ಅಪಶಕುನ ಎಂದು ಊರವರು ಹೇಳಿದರೂ ದಿನಾ ದೀಪ ಹಚ್ಚಿದ ಮೇಲೆ ಹೋಗಿ ನೋಡಿಬರುತ್ತಿದ್ದಳು. ಬೀಳುವ ಹಿಂದಿನ ಸಂಜೆ ಅದರ ಹೊಟ್ಟೆಗೆ ಮರಿಯೊಂದು ಅಂಟಿಕೊಂಡಿತ್ತು.

"ಮರಿ ಏನಾಯ್ತೋ ನೋಡ್ಕೊಂಡ್ ಬಾರಯ್ಯ."

"ಕತ್ಲಲ್ಲಿ ನನ್ ಕಣ್ಣಿಗೆ ಎಲ್ ಕಾಣ್ತದೆ?"

ಕಡೆಗೆ, ಯಲಹಂಕದಲ್ಲಿ ಅಂಗಡಿ ಇಟ್ಟಿದ್ದ ಮುಜಫ್ಫರ್‌ನಿಂದ ಬೆಂಕಿಪೊಟ್ಟಣದಷ್ಟೇ ಇದ್ದ ಕ್ಯಾಮೆರಾ ತಂದು ಕೊಂಬೆಗೆ ಕಟ್ಟಿ, ಮನೆಯವರೆಗೂ ತಂತಿ ಎಳೆದು, ಮಂಚದ ಎದುರಿನ ಟಿವಿಗೆ ಸೇರಿಸಿದ. ಹಗಲೆಲ್ಲ ಎಲೆಗಳು ಚೆನ್ನಾಗಿಯೇ ಕಂಡವು. ಸಂಜೆ, ಕತ್ತಲಲ್ಲೂ ಕಾಣಲೆಂದು ಕ್ಯಾಮೆರಾದಲ್ಲಿದ್ದ ಪುಟ್ಟ ದೀಪಗಳು ತಾವಾಗಿ ಹೊತ್ತಿಕೊಂಡದ್ದೇ ತಡ, ಚಿತ್ರ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮೀಟರ್ ಹಿಡಿದು ನೋಡಿದರೆ ಮನೆಯ ಕಡೆ ಐದು ವೋಲ್ಟು, ಮರದ ಕಡೆ ನಾಲ್ಕೂ ಇಲ್ಲ. ಇನ್ನೊಂದು ತಂತಿ ಎಳೆದ, ಗಂಟುಗಳನ್ನೆಲ್ಲ ಬಿಚ್ಚಿ ಬೆಸೆದ. ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೆಯ ದಿನ ನಾಚಿಕೆ ಬಿಟ್ಟು ಅಂಗಡಿಗೆ ಹೋದ.

"ಸಣ್ಣ ವೈರು, ದೂರ ಜಾಸ್ತಿ. ದಾರೀಲೇ ಸೋರೋಗುತ್ತೆ," ಎಂದ ಮುಜಫ್ಫರ್. "ಮನೆಯಿಂದ ಹನ್ನೆರಡು ವೋಲ್ಟ್ ಕಳ್ಸಿ, ಮರದತ್ರ ಐದಕ್ಕೆ ಇಳಿಸಿ. ನಿಮಗೆ ನಾನ್ ಹೇಳ್ಬೇಕಾ ಅಣ್ಣಾ?"

ಹಾಗೇ ಮಾಡಿದ ಮೇಲೆ ಅಂದು ಸಂಜೆ ಚಿತ್ರ ಹೋಗದೆ ನಿಂತಿತು. ಕೊಂಬೆಯ ಕವಲಿನಲ್ಲಿ ಮರಿ ಒಂದೇ ಕೂತಿತ್ತು.

"ತಾಯಿ ಮೇಯಕ್ ಓಗವ್ಳೆ," ಎಂದು ಮುನಿನಾರಾಯಣಮ್ಮ ಮಗುವಿನ ಹಾಗೆ ನಕ್ಕಳು. "ಇಂಗೇ ಕೂರ್ಸಿ ಓಗ್ತಾಳೆ, ಬೆಳಗಾಗೋಷ್ಟ್ರಲ್ಲಿ ಬರ್ತಾಳೆ."

ತಾಯಿ ಸಿಕ್ಕಿದ್ದು ಬೆಳಗ್ಗೆ ಮುನಿಗಂಗಪ್ಪನಿಗೆ, ಕಾಂಪೌಂಡಿನಾಚೆ, ಕರೆಂಟು ತಂತಿಯ ಕೆಳಗೆ. ಒಂದು ಕೈ ಸುಟ್ಟು ಕಪ್ಪಾಗಿತ್ತು. ಹೊಸ ಲೇಔಟಿನ ರಸ್ತೆಗೆಂದು ಆಚೆಬದಿಯ ಕೊಂಬೆಗಳನ್ನೆಲ್ಲ ಕಡಿದಿದ್ದರು. ದಾಟಲು ಅದಕ್ಕೆ ಉಳಿದಿದ್ದದ್ದು ತಂತಿ ಮಾತ್ರ. ಅಲ್ಲೇ ಗುಂಡಿ ತೋಡಿ ಮುಚ್ಚಿದ.

ಸಂಜೆ ಟಿವಿಯಲ್ಲಿ ಮರಿ ಬಾಯಿ ತೆರೆದು ಕೂಗುತ್ತಿತ್ತು. ಸದ್ದು ಕೇಳಿಸುವ ಕ್ಯಾಮೆರಾ ಅದಲ್ಲ.

"ಇನ್ನೂ ಬಂದಿಲ್ವಲ್ಲ ಅವ್ಳು?"

ಅವನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತ. ಅವಳು ಮತ್ತೆ ಕೇಳಿದಳು. ಆಗ ಬಂದು ಹೇಳಿಬಿಟ್ಟ. ಅವಳು ಅಳಲಿಲ್ಲ.

"ಅಂಗಾದ್ರೆ ಮರೀನ ಇಳ್ಸು, ಓಗು."

ಏಣಿ ಹಾಕಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹತ್ತಿದ. ಮಂಚದ ಮೇಲಿದ್ದ ಅವಳಿಗೆ ಗಂಡನ ಕೈ ಪರದೆಯೊಳಗೆ ಬಂದದ್ದು ಕಾಣಿಸಿತು. ಬೆರಳು ಬಿಚ್ಚಿಕೊಂಡವು. ಮರಿ ಒಂದೊಂದೇ ಕೈ ಎತ್ತಿಡುತ್ತಾ, ಏನೂ ಅವಸರವಿಲ್ಲದೆ, ತೆಳು ರೆಂಬೆಗಳತ್ತ ಏರಿ ಪರದೆಯಿಂದ ಆಚೆ ಹೋಯಿತು. "ಬ್ಯಾಡ, ಹೆದರ್ಸಬ್ಯಾಡ!" ಎಂದು ಅವಳು ಕೂಗಿದ್ದು ಹಿತ್ತಿಲ ಕೊನೆಗೆ ತಲುಪಲಿಲ್ಲ. ಕೈ ಇನ್ನೂ ಸ್ವಲ್ಪ ಹೊತ್ತು ಕೊಂಬೆಯನ್ನು ತಡವಿತು.

ಮರುದಿನ ಅವನು ಫೋನು ಮಾಡಿ ಕರೆಸಿದ ಪ್ರಾಣಿ ರಕ್ಷಣಾ ಸಂಘದ ಹುಡುಗಿ ರುಮಾನಾ ಸ್ಕೂಟರಿನಲ್ಲಿ ಬಂದು, ಮಧ್ಯಾಹ್ನದವರೆಗೂ ಮರವನ್ನೆಲ್ಲ ಹುಡುಕಿದಳು.

"ಸಿಗ್ತಿಲ್ಲ ಅಂಕಲ್. ಹಾಲು ಕುಡಿಯೋ ವಯಸ್ಸು... ಏನ್ ಹೇಳ್ಲಿ ನಾನು?"

ಮೂರು ಸಂಜೆ ಗಂಡ ಹೆಂಡಿರು ಖಾಲಿ ಕವಲನ್ನು ನೋಡುತ್ತ ಕೂತರು. ಚಿತ್ರ ಒಮ್ಮೆಯೂ ಅಲುಗಲಿಲ್ಲ. ನಾಲ್ಕನೆಯ ದಿನ ಅವಳೇ "ಆರ್ಸಿಬಿಡು" ಎಂದಳು. ಆರಿಸಿ ಬಂದು ಮಂಚದ ಅಂಚಿಗೆ ಕೂತ.

"ಆಚೆ ಇರೋ ಆ ಲೈನು ಎಳೆದವ್ನು ನಾನೇ ಕಣೆ."

"ಗೊತ್ತು," ಎಂದಳು ಮುನಿನಾರಾಯಣಮ್ಮ. "ಅವತ್ತು ಕಂಬದತ್ರ ಮುದ್ದೆ ತಂದ್ಕೊಟ್ಟೋಳು ನಾನೇ ಅಲ್ವಾ."